ಸೊಂಟನೋವಿಗೆ ಸೈಕಾಲಜಿಸ್ಟ್ ಹತ್ತಿರ ಹೋಗಿ ಅಂದಿದ್ದಾರೆ; ನನ್ನ ನೋವು ಸುಳ್ಳು ಅಂತಲಾ?

ಪ್ರಶ್ನೆ: ನನಗೆ 39 ವರ್ಷ. ವಿಜಯನಗರದಲ್ಲಿ ಮನೆ, ಮಾರತ್ತಹಳ್ಳಿ ಕಡೆ ಆಫೀಸು. ಒಂದೂವರೆ ವರ್ಷದಿಂದ ಸೊಂಟನೋವು. ಎಂಆರ್‌ಐನಲ್ಲಿ ಎಲ್4-ಎಲ್5 ಡಿಸ್ಕ್ ಉಬ್ಬಿದೆ ಅಂತ ಬಂದಿದೆ, ನೋವು ಕಾಲಿಗೆ ಇಳಿಯುವುದಿಲ್ಲ. ಎರಡು ಕಡೆ ಫಿಸಿಯೋಥೆರಪಿ, ಬೆಲ್ಟು, ಮಾತ್ರೆ ಎಲ್ಲ ಆಯಿತು. ಈಗ ಬಗ್ಗುವುದನ್ನೇ ಬಿಟ್ಟಿದ್ದೇನೆ. ಹೊಸ ಡಾಕ್ಟರು ನಾಲ್ಕೈದು ಪ್ರಶ್ನಾವಳಿ ಕೊಟ್ಟು, ಸೈಕಾಲಜಿಸ್ಟನ್ನೂ ನೋಡಿ ಎಂದರು. ಮನೆಯಲ್ಲಿ ‘ನೋಡು, ಎಲ್ಲ ನಿನ್ನ ತಲೆಯಲ್ಲೇ ಇರೋದು’ ಅನ್ನುತ್ತಿದ್ದಾರೆ. ಅಲ್ಲಿ ಏನು ಪರೀಕ್ಷೆ ಮಾಡುತ್ತಾರೆ? ಹೋಗಲೇಬೇಕಾ?

ಉತ್ತರ: ಹೋಗಿ. ನಿಮ್ಮ ನೋವು ಸುಳ್ಳು ಅಂತ ಯಾರೂ ಹೇಳುತ್ತಿಲ್ಲ. ನೋವು ನಿಜವೋ ಸುಳ್ಳೋ ಎಂದು ತೀರ್ಪು ಕೊಡುವ ಪ್ರಶ್ನಾವಳಿ ಯಾವುದೂ ಇಲ್ಲ, ನಿಮ್ಮ ಕೈಗೆ ಬಂದಿರುವ ಹಾಳೆಗಳನ್ನು ಮಾಡಿದ್ದೂ ಅದಕ್ಕಲ್ಲ. ಡಾಕ್ಟರಿಗೆ ಬೇಕಿರುವ ಲೆಕ್ಕ ಬೇರೆ: ಒಂದೂವರೆ ವರ್ಷದ ಹಿಂದೆ ನೋವು ಶುರು ಮಾಡಿದ್ದು ಏನೇ ಇರಲಿ, ಇವತ್ತಿಗೂ ಅದು ಇಳಿಯದಂತೆ ಹಿಡಿದಿಟ್ಟಿರುವುದು ಯಾವುದು? ಹನ್ನೆರಡು ವಾರ ದಾಟಿದ ಸೊಂಟನೋವಿನಲ್ಲಿ ಈ ಎರಡು ಕಾರಣಗಳೂ ಬಹಳ ಸಲ ಬೇರೆಬೇರೆಯಾಗಿರುತ್ತವೆ. ಮೊದಲು ಸ್ನಾಯುವಿನದೋ ಕೀಲಿನದೋ ಡಿಸ್ಕಿನದೋ ತಂಟೆ. ಆಮೇಲೆ ಅದರ ಮೇಲೆ ನಿದ್ದೆಗೇಡು, ಬಗ್ಗಲು ಹೆದರಿಕೆ, ಆಫೀಸಿನ ಕಿರಿಕಿರಿ, ಮಲಗಿ ಮಲಗಿ ಸೋತ ಸ್ನಾಯು ಒಂದೊಂದಾಗಿ ಬಂದು ಕೂರುತ್ತವೆ. ಒಮ್ಮೆ ಕಳ್ಳ ನುಗ್ಗಿದ ಮನೆಯ ನಾಯಿ ಆಮೇಲೆ ಹಾಲಿನವನಿಗೂ ಬೊಗಳುತ್ತದಲ್ಲ, ನರಮಂಡಲವೂ ಹಾಗಾಗುತ್ತದೆ. ಬೊಗಳುವುದು ನಿಜ, ನಿಮ್ಮ ಕಿವಿಗೆ ಬೀಳುವುದೂ ನಿಜ. ಕಳ್ಳ ಇನ್ನೂ ಇದ್ದಾನೆಯೇ ಎಂಬುದಷ್ಟೇ ನೋಡಬೇಕಾದದ್ದು.

ಆ ಕಳ್ಳನನ್ನು, ಅಂದರೆ ನೋವಿನ ಹಿಂದೆ ಅಡಗಿರಬಹುದಾದ ಕಾಯಿಲೆಯನ್ನು, ಮೊದಲು ಹುಡುಕಿ ಮುಗಿಸಿರಬೇಕು. ಮೂತ್ರ ಕಟ್ಟುವುದು ಅಥವಾ ಹಿಡಿತ ತಪ್ಪುವುದು, ಕೂರುವ ಜಾಗದಲ್ಲಿ ಜೋಮು, ಕಾಲಿನ ಬಲ ದಿನೇದಿನೇ ಕಡಿಮೆಯಾಗುವುದು ಇದ್ದರೆ ಪ್ರಶ್ನಾವಳಿ ಬದಿಗಿಟ್ಟು ಅದೇ ದಿನ ಎಮರ್ಜೆನ್ಸಿಗೆ ಹೋಗಬೇಕು. ಸಂಜೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ದೀರ್ಘಕಾಲ ಸ್ಟೀರಾಯ್ಡ್ ತಿಂದದ್ದು, ಇವನ್ನೂ ಕೇಳಲೇಬೇಕು. ಬೆನ್ನುಮೂಳೆಯ ಕ್ಷಯ ನಮ್ಮಲ್ಲಿ ಇನ್ನೂ ಇದೆ. ನಲವತ್ತರೊಳಗೆ ಮೆಲ್ಲಗೆ ಶುರುವಾಗಿ, ಬೆಳಿಗ್ಗೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಬಿಗಿದುಕೊಂಡಿದ್ದು, ಓಡಾಡಿದರೆ ಸಡಿಲವಾಗಿ, ಮಲಗಿದರೆ ಹೆಚ್ಚಾಗುವ ನೋವು ಉರಿಯೂತದ ಸಂಧಿವಾತ ಇರಬಹುದು. ಅದಕ್ಕೆ ರೂಮಟಾಲಜಿಸ್ಟ್ ಬೇಕು. ಈ ಸುತ್ತು ಮುಗಿಸದೆ ಸೈಕಾಲಜಿಸ್ಟ್ ಹತ್ತಿರ ಅಟ್ಟುವುದು ತಪ್ಪು. ಮುಗಿದ ಮೇಲೂ ಕಳಿಸದಿರುವುದು ನಮ್ಮೂರಲ್ಲಿ ಇನ್ನೂ ಹೆಚ್ಚು ನಡೆಯುವ ತಪ್ಪು.

ಇನ್ನು ನಿಮ್ಮ ಎಂಆರ್‌ಐ. ನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳನ್ನು ಒಟ್ಟು ಹಾಕಿ ನೋಡಿದ 2015ರ ವಿಮರ್ಶೆಯ ಪ್ರಕಾರ, ನಲವತ್ತರ ವಯಸ್ಸಿನಲ್ಲಿ ಅವರಲ್ಲಿ ಅರ್ಧದಷ್ಟು ಮಂದಿಗೆ ಡಿಸ್ಕ್ ಉಬ್ಬಿರುತ್ತದೆ, ಶೇ 68 ಮಂದಿಗೆ ಡಿಸ್ಕ್ ಸವೆದಿರುತ್ತದೆ. ನಿಮ್ಮ ಉಬ್ಬಿಗೂ ನೋವಿಗೂ ಸಂಬಂಧವೇ ಇಲ್ಲ ಎಂದು ಇದರಿಂದ ಹೇಳಲಾಗದು. ಉಬ್ಬು ಇದೆ ಎಂಬುದೊಂದೇ ಒಂದೂವರೆ ವರ್ಷದ ನೋವನ್ನು ವಿವರಿಸುವುದಿಲ್ಲ, ಅಷ್ಟೇ. ಆದರೆ ಆ ರಿಪೋರ್ಟನ್ನು ನಿಮಗೆ ಯಾವ ಮಾತಿನಲ್ಲಿ ಹೇಳಿದರು ಎಂಬುದು ಬಹಳ ಮುಖ್ಯ. ‘ಡಿಸ್ಕ್ ಹೋಗಿದೆ’, ‘ಗ್ಯಾಪ್ ಬಂದಿದೆ’, ‘ನರ ಒತ್ತಿದೆ, ಇನ್ನು ಬಗ್ಗಬೇಡಿ’: ನಿಮಿಷದೊಳಗೆ ಆಡಿದ ಈ ಮಾತುಗಳು ವರ್ಷಗಟ್ಟಲೆ ಸೊಂಟದಲ್ಲಿ ಉಳಿಯುತ್ತವೆ. ಸೈಕಾಲಜಿಸ್ಟ್ ಮಾಡುವ ಒಳ್ಳೆಯ ಮೌಲ್ಯಮಾಪನ ಶುರುವಾಗುವುದೇ ಇಲ್ಲಿಂದ: ‘ನಿಮ್ಮ ಬೆನ್ನಿಗೆ ಏನಾಗಿದೆ ಅಂತ ಯಾರು, ಏನು ಹೇಳಿದರು? ನಿಮಗೆ ಏನು ಅನ್ನಿಸುತ್ತೆ?’ ಉತ್ತರವನ್ನು ಅವರು ನಿಮ್ಮ ಪದಗಳಲ್ಲೇ ಬರೆದುಕೊಳ್ಳಬೇಕು.

ಈಗ ಹಾಳೆಗಳ ವಿಚಾರ. ಮೊದಲನೆಯದು ಬಹುಶಃ ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದವರು ಮಾಡಿದ ‘ಸ್ಟಾರ್ಟ್ ಬ್ಯಾಕ್’ ಇರಬೇಕು. ಒಂಬತ್ತೇ ಪ್ರಶ್ನೆ, ಕಳೆದ ಎರಡು ವಾರದ ಬಗ್ಗೆ. ಮೊದಲ ನಾಲ್ಕು ದೇಹದ್ದು: ಕಾಲಿಗೆ ಇಳಿದಿದೆಯೇ, ಕತ್ತು-ಭುಜದಲ್ಲೂ ಇದೆಯೇ, ನಡೆಯುವುದು ಕಡಿಮೆಯಾಗಿದೆಯೇ, ಬಟ್ಟೆ ಹಾಕಿಕೊಳ್ಳಲು ತಡವಾಗುತ್ತಿದೆಯೇ. ಉಳಿದ ಐದು, ಓಡಾಡಿದರೆ ಅಪಾಯ ಎಂಬ ನಂಬಿಕೆ, ಚಿಂತೆ, ಇದು ಇನ್ನು ವಾಸಿಯಾಗದು ಎಂಬ ಭಾವನೆ, ಮೊದಲಿನಂತೆ ಯಾವುದರಲ್ಲೂ ಖುಷಿ ಇಲ್ಲದಿರುವುದು, ಒಟ್ಟಾರೆ ಎಷ್ಟು ಕಾಡುತ್ತಿದೆ ಎಂಬುದು. ಒಟ್ಟು 3 ಅಥವಾ ಕಡಿಮೆ ಬಂದರೆ ಅಪಾಯ ಕಡಿಮೆ. 4 ಅಥವಾ ಹೆಚ್ಚು ಬಂದರೆ ಕೊನೆಯ ಐದನ್ನು ಮಾತ್ರ ಮತ್ತೆ ಕೂಡುತ್ತಾರೆ. ಅಲ್ಲಿ 3ರವರೆಗೆ ಮಧ್ಯಮ, 4 ಅಥವಾ 5 ಬಂದರೆ ಹೆಚ್ಚಿನ ಅಪಾಯದ ಗುಂಪು. ಇಲ್ಲಿ ‘ಅಪಾಯ’ ಎಂದರೆ ನೋವು ಹೀಗೇ ಕಾಡುತ್ತಾ ಕೆಲಸ ಕೆಡಿಸುವ ಸಾಧ್ಯತೆ; ಬೆನ್ನು ಮುರಿಯುವ ಸಾಧ್ಯತೆ ಅಲ್ಲ. ಇದನ್ನು ಬಿಡಿಸಿ ಹೇಳದೆ ‘ನೀವು ಹೈ ರಿಸ್ಕ್’ ಎಂದು ಕಳಿಸಿದರೆ ಹೆದರಿಕೆಯ ಪಟ್ಟಿಗೆ ಇನ್ನೊಂದು ಸೇರಿತು, ಅಷ್ಟೇ.

ಇದರ ಬದಲು ಒರೆಬ್ರೋ ಎಂಬ ಸ್ವೀಡನ್ನಿನ ಹಾಳೆಯ ಚಿಕ್ಕ ರೂಪವನ್ನೂ ಕೊಟ್ಟಿರಬಹುದು: ಹತ್ತು ಪ್ರಶ್ನೆ, ನೂರಕ್ಕೆ ಅಂಕ, 50 ದಾಟಿದರೆ ಹೆಚ್ಚು ಗಮನ. ಚಲನೆಯ ಭಯವನ್ನು ಅಳೆಯುವ ಟಾಂಪಾ ಮಾಪಕದಲ್ಲಿ 17 ವಾಕ್ಯ, ಅಂಕ 17ರಿಂದ 68. ಸಾಮಾನ್ಯವಾಗಿ 37ಕ್ಕಿಂತ ಮೇಲಿದ್ದರೆ ಭಯ ಹೆಚ್ಚು ಎನ್ನುತ್ತಾರೆ. ನೋವಿನ ಬಗ್ಗೆ ಮನಸ್ಸು ಎಷ್ಟು ಕೆಟ್ಟದ್ದನ್ನೇ ಊಹಿಸುತ್ತದೆ ಎಂದು ನೋಡುವ ಹಾಳೆಯಲ್ಲಿ 13 ವಾಕ್ಯ, 52ಕ್ಕೆ ಅಂಕ, 30ರ ಮೇಲೆ ಹೆಚ್ಚು. ಇವೆಲ್ಲ ಗಡಿಗೆರೆಗಳಲ್ಲ, ದಾರಿಫಲಕಗಳು. ಟಾಂಪಾದಲ್ಲಿ 36 ಬಂದವರಿಗೂ 38 ಬಂದವರಿಗೂ ಬೆನ್ನಿನಲ್ಲಿ ವ್ಯತ್ಯಾಸವೇನೂ ಇರುವುದಿಲ್ಲ. ಯಾವ ವಾಕ್ಯಕ್ಕೆ ಎಷ್ಟು ಹಾಕಿದ್ದೀರಿ ಎಂದು ಎದುರಿಗೆ ಕೂತು ಓದಿದಾಗಲೇ ಹಾಳೆಗೆ ಬೆಲೆ. ಮೊತ್ತ ಮಾತ್ರ ಕೂಡಿ ಫೈಲಿಗೆ ಸೇರಿಸಿದರೆ ನಿಮ್ಮ ಇಪ್ಪತ್ತು ನಿಮಿಷ ದಂಡ.

ಕನ್ನಡದವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಇವೆಲ್ಲ ಬೇರೆ ದೇಶದ ಮನೆಗಳನ್ನು ನೋಡಿ ಬರೆದ ಹಾಳೆಗಳು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು, ಇಂಡಿಯನ್ ಟಾಯ್ಲೆಟ್‌ನಲ್ಲಿ ಕುಕ್ಕುರುಗಾಲು, ಬಗ್ಗಿ ರಂಗೋಲಿ ಹಾಕುವುದು, ಮುದ್ದೆ ತೊಳಸುವುದು, 20 ಲೀಟರ್ ನೀರಿನ ಕ್ಯಾನನ್ನು ಎತ್ತಿ ಡಿಸ್ಪೆನ್ಸರ್ ಮೇಲೆ ಕವುಚುವುದು, ಇವು ಯಾವುವೂ ಅವುಗಳಲ್ಲಿ ಸಿಗುವುದಿಲ್ಲ. ಪದಗಳೂ ಕೈಕೊಡುತ್ತವೆ. ‘ಬೇಜಾರು’ ಎಂದರೆ ನಮ್ಮಲ್ಲಿ ದುಃಖವೂ ಹೌದು, ಬೋರೂ ಹೌದು, ಕೋಪವೂ ಹೌದು. ‘ಬಗ್ಗಲು ಭಯವೇ?’ ಎಂದು ಕೇಳಿದರೆ ‘ಭಯ ಏನಿಲ್ಲ, ಜಾಗ್ರತೆ ಅಷ್ಟೇ’ ಎಂದು ಬಿಡುತ್ತೇವೆ. ಹಾಳೆಯಲ್ಲಿ ಸೊನ್ನೆ ಬೀಳುತ್ತದೆ, ಆದರೆ ಆರು ತಿಂಗಳಿಂದ ನೆಲಕ್ಕೆ ಬಿದ್ದ ಪೆನ್ನನ್ನು ಮಗನ ಕೈಲೇ ಎತ್ತಿಸುತ್ತಿರುತ್ತೇವೆ. ಅದಕ್ಕೇ ಅನುಭವಸ್ಥರು ಭಾವನೆಯನ್ನು ಕೇಳುವ ಮೊದಲು ಕೆಲಸವನ್ನು ಕೇಳುತ್ತಾರೆ: ‘ನೋವು ಬರುವ ಮೊದಲು ಮಾಡುತ್ತಿದ್ದು ಈಗ ಮಾಡದಿರುವುದು ಯಾವುದು? ಮಾಡಿದರೆ ಏನಾಗುತ್ತೆ ಅಂತ?’

ಎರಡನೆಯ ಪ್ರಶ್ನೆಗೆ ಬರುವ ಉತ್ತರವೇ ಇಡೀ ಮೌಲ್ಯಮಾಪನದ ತಿರುಳು. ‘ನೋವು ಜಾಸ್ತಿಯಾಗುತ್ತೆ’ ಎನ್ನುವುದು ಒಂದು. ‘ಡಿಸ್ಕ್ ಜಾರಿ ಕಾಲು ಬಿದ್ದುಹೋಗುತ್ತೆ’ ಎನ್ನುವುದು ಇನ್ನೊಂದು. ಎರಡಕ್ಕೂ ಚಿಕಿತ್ಸೆ ಬೇರೆ.

ಇದನ್ನು ಬಾಯಿಮಾತಿಗೆ ಬಿಡದೆ ಮಾಡಿಸಿಯೇ ನೋಡುವ ಕ್ರಮವಿದೆ. ನೆಲದ ಮೇಲೆ ಐದು ಲೀಟರ್ ನೀರಿರುವ ಬಕೆಟ್ ಇಟ್ಟು, ಎತ್ತುವ ಮೊದಲು ಕೇಳುತ್ತಾರೆ: ನೋವು ಹತ್ತಕ್ಕೆ ಎಷ್ಟು ಬರಬಹುದು? ಬೆನ್ನಿಗೆ ಏಟಾಗುತ್ತೆ ಅಂತ ನೂರಕ್ಕೆ ಎಷ್ಟು ನಂಬಿಕೆ? ಆಮೇಲೆ ನೀವು ಎತ್ತುವಾಗ ಅವರ ಕಣ್ಣು ಬಕೆಟ್ ಮೇಲೆ ಇರುವುದಿಲ್ಲ. ಬಗ್ಗುವ ಮೊದಲೇ ಉಸಿರು ಬಿಗಿ ಹಿಡಿದಿರಾ? ಒಂದು ಕೈ ತೊಡೆಯ ಮೇಲೆ ಹೋಯಿತಾ? ಸೊಂಟವನ್ನು ಹಲಗೆಯಂತೆ ನೆಟ್ಟಗಿಟ್ಟು ಮಂಡಿ ಮಾತ್ರ ಮಡಚಿದಿರಾ? ಏಳುವಾಗ ಹಲ್ಲು ಕಚ್ಚಿದಿರಾ? ಹೊಟ್ಟೆ-ಬೆನ್ನಿನ ಸ್ನಾಯುಗಳನ್ನು ದಿನವಿಡೀ ಹೀಗೆ ಬಿಗಿಹಿಡಿದರೆ ಸಂಜೆಗೆ ಅವೇ ನೋಯುತ್ತವೆ. ಮುಷ್ಟಿಯನ್ನು ಒಂದು ಗಂಟೆ ಬಿಗಿಹಿಡಿದು ನೋಡಿ, ಗೊತ್ತಾಗುತ್ತದೆ. ಎತ್ತಿದ ಮೇಲೆ ಮತ್ತೆ ಅವೇ ಎರಡು ಪ್ರಶ್ನೆ. ಎಂಟು ಎಂದು ಊಹಿಸಿದವರು ಐದು ಎನ್ನುವುದು ಸಾಮಾನ್ಯ. ಈ ಊಹೆಗೂ ಅನುಭವಕ್ಕೂ ನಡುವಿನ ಅಂತರವನ್ನು ಬರೆದಿಡುತ್ತಾರೆ. ಉಸಿರು ಬಿಟ್ಟು, ಬೆನ್ನು ಸಡಿಲವಾಗಿ ದುಂಡಾಗಲು ಬಿಟ್ಟು ಇನ್ನೊಮ್ಮೆ ಎತ್ತಿಸುತ್ತಾರೆ. ಮಾರನೆಯ ದಿನ ಬೆನ್ನು ಹೇಗಿತ್ತು ಎಂದೂ ಕೇಳುತ್ತಾರೆ, ಏಕೆಂದರೆ ‘ಆಗ ಸರಿ, ನಾಳೆ ಗೊತ್ತಾಗುತ್ತೆ’ ಎಂಬ ಭಯವನ್ನು ಅವತ್ತೇ ಅಳೆಯಲಾಗದು.

ನಿಂತು ಬಗ್ಗಲು ಆಗುವುದೇ ಇಲ್ಲ ಎನ್ನುವವರು ಹೊರಡುವಾಗ ಕುರ್ಚಿಯಲ್ಲಿ ಕೂತು ಚಪ್ಪಲಿಯ ಪಟ್ಟಿ ಕಟ್ಟಲು ಸಲೀಸಾಗಿ ಬಗ್ಗುವುದೂ ಉಂಟು. ನಾಟಕ ಸಿಕ್ಕಿಬಿತ್ತು ಎಂದು ಇದನ್ನು ಓದುವುದು ದೊಡ್ಡ ತಪ್ಪು. ಗಮನ ಬೇರೆ ಕಡೆ ಇದ್ದಾಗ ಕಾವಲು ಸಡಿಲವಾಗುತ್ತದೆ. ಬೆನ್ನು ಬಗ್ಗಬಲ್ಲದು, ಆ ಕಾವಲು ಬಗ್ಗಲು ಬಿಡುತ್ತಿಲ್ಲ ಎಂಬುದಕ್ಕೆ ಅದೇ ಪುರಾವೆ. ವ್ಯಾಡೆಲ್ ಎಂಬ ಸ್ಕಾಟ್ಲೆಂಡಿನ ಮೂಳೆ ತಜ್ಞರು 1980ರಲ್ಲಿ ಇಂಥ ಹೊಂದಿಕೆಯಾಗದ ಲಕ್ಷಣಗಳ ಐದು ಗುಂಪು ಮಾಡಿದರು. ಮೂರು ಗುಂಪಿನಲ್ಲಿ ಕಂಡರೆ ದೇಹದ ಜೊತೆಗೆ ಮನಸ್ಸಿನ ಕಡೆಯೂ ವಿವರವಾಗಿ ನೋಡಿ ಎಂಬ ಸೂಚನೆಗಾಗಿ. ಸೋಗು ಹಿಡಿಯುವ ಸಾಧನವಾಗಿ ಅದನ್ನು ಆಮೇಲೆ ಬಳಸಿದ್ದು ಅದರ ಉದ್ದೇಶವಲ್ಲ. ಯಾರಾದರೂ ನಿಮ್ಮ ಫೈಲಿನಲ್ಲಿ ಅಷ್ಟನ್ನೇ ಬರೆದು ಕೈತೊಳೆದುಕೊಂಡಿದ್ದರೆ ಅದು ಅರ್ಧ ಪರೀಕ್ಷೆ.

ನಡವಳಿಕೆಯಲ್ಲಿ ಭಯದಷ್ಟೇ ಮುಖ್ಯವಾದದ್ದು ಲಯ, ಅಂದರೆ ಕೆಲಸ-ವಿಶ್ರಾಂತಿಯ ಹದ. ಕೆಲವರು ಏನೂ ಮಾಡದೆ ಮಲಗುತ್ತಾರೆ. ಇನ್ನು ಕೆಲವರು ಉಲ್ಟಾ: ಶನಿವಾರ ನೋವು ಕಡಿಮೆ ಇದೆ ಎಂದು ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ ಮನೆ ಗುಡಿಸಿ, ಒರೆಸಿ, ಅಟ್ಟದ ಡಬ್ಬ ಎಲ್ಲ ಇಳಿಸಿ, ಭಾನುವಾರ ಹಾಸಿಗೆ ಹಿಡಿದು, ಸೋಮವಾರ ರಜೆ ಹಾಕುತ್ತಾರೆ. ಅವರ ಭಯದ ಅಂಕ ಕಡಿಮೆ ಬರುತ್ತದೆ, ಪ್ರಶ್ನಾವಳಿಯಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಇದು ಬಯಲಿಗೆ ಬರುವುದು ಏಳು ದಿನದ ಡೈರಿಯಲ್ಲಿ ಮಾತ್ರ. ಹೋಗುವ ಮೊದಲು ನೀವೇ ಬರೆಯಿರಿ. ಎರಡೆರಡು ಗಂಟೆಗೊಂದು ಸಾಲು: ಏನು ಮಾಡುತ್ತಿದ್ದಿರಿ, ಎಷ್ಟು ನಿಮಿಷ, ನೋವು ಹತ್ತಕ್ಕೆ ಎಷ್ಟು, ಯಾವ ಮಾತ್ರೆ, ಯಾಕೆ ನಿಲ್ಲಿಸಿದಿರಿ. ಕೊನೆಯ ಕಲಂ ಬಿಡಬೇಡಿ. ‘ಕೆಲಸ ಮುಗಿಯಿತು’, ‘ನೋವು ಬಂತು’, ‘ನೋವು ಬರಬಹುದು ಅನ್ನಿಸಿತು’, ಈ ಮೂರರಲ್ಲಿ ಯಾವುದು ಹೆಚ್ಚು ಸಲ ಬಂದಿದೆ ಎಂಬುದರ ಮೇಲೆ ಚಿಕಿತ್ಸೆಯ ದಾರಿ ನಿಲ್ಲುತ್ತದೆ. ಆಫೀಸಿನ ದಾರಿಯನ್ನೂ ಬರೆಯಿರಿ. ಊರನ್ನು ಅಡ್ಡ ದಾಟುವ ಪ್ರಯಾಣದಲ್ಲಿ ಹಂಪು-ಗುಂಡಿಗಳಿಗಿಂತ, ಸಿಗ್ನಲ್ಲಿನಲ್ಲಿ ಬಿಗಿದುಕೊಂಡು ಕೂತ ಒಂದೂವರೆ ಗಂಟೆಯೇ ಸೊಂಟಕ್ಕೆ ಹೆಚ್ಚು ಭಾರವಾಗಿರಬಹುದು. ಡೈರಿ ಇಲ್ಲದೆ ಅದು ಯಾರಿಗೂ ತಿಳಿಯುವುದಿಲ್ಲ.

ಮನಸ್ಥಿತಿಗೆ ಪಿಎಚ್‌ಕ್ಯೂ-9 ಎಂಬ ಹಾಳೆ ಕೊಡುತ್ತಾರೆ: ಒಂಬತ್ತು ಪ್ರಶ್ನೆ, 27ಕ್ಕೆ ಅಂಕ, 10 ಅಥವಾ ಹೆಚ್ಚು ಬಂದರೆ ಖಿನ್ನತೆ ಇದೆಯೇ ಎಂದು ಕೂತು ನೋಡಬೇಕು. ಇದರಲ್ಲೊಂದು ಬಲೆ ಇದೆ. ನಿದ್ದೆ, ಸುಸ್ತು, ಹಸಿವು, ಏಕಾಗ್ರತೆ, ಚಲನೆ ನಿಧಾನವಾಗುವುದು, ಇವಿಷ್ಟೂ ಬರಿಯ ನೋವಿನಿಂದ, ಮಾತ್ರೆಯಿಂದಲೂ ಬರುತ್ತವೆ. ಪ್ರೆಗಾಬಲಿನ್, ಗ್ಯಾಬಪೆಂಟಿನ್ ಎಂಬ ನರನೋವಿನ ಮಾತ್ರೆ ತಿನ್ನುತ್ತಿದ್ದರೆ ಮಂಪರು, ತಲೆ ಭಾರ ಬರುವುದುಂಟು; ಮಾತ್ರೆಯ ಚೀಟಿ ತಪ್ಪದೆ ಒಯ್ಯಿರಿ, ನೀವಾಗಿಯೇ ದಿಢೀರನೆ ನಿಲ್ಲಿಸಬೇಡಿ. ಹಾಗಾಗಿ ಮೊದಲ ಎರಡು ಪ್ರಶ್ನೆಗಳ ಮೇಲೆ, ಅಂದರೆ ಆಸಕ್ತಿ ಹೋಗಿರುವುದು ಮತ್ತು ಮನಸ್ಸು ಕುಗ್ಗಿರುವುದರ ಮೇಲೆ, ಆಮೇಲೆ ತನ್ನನ್ನೇ ಹಳಿದುಕೊಳ್ಳುವ ಆರನೆಯದರ ಮೇಲೆ ಹೆಚ್ಚು ಕಣ್ಣಿಡಬೇಕು. ಒಂಬತ್ತನೆಯದು ಸಾಯಬೇಕು ಅನ್ನಿಸುವುದರ ಬಗ್ಗೆ. ಅಲ್ಲಿ ಸೊನ್ನೆ ಬಿಟ್ಟು ಏನೇ ಇದ್ದರೂ ಅವತ್ತೇ ಎದುರಿಗೆ ಕೂತು ಮಾತಾಡಬೇಕು, ಮೊತ್ತ ಎಷ್ಟೇ ಕಡಿಮೆ ಇರಲಿ. ಅಂಥ ಯೋಚನೆ ನಿಮಗೆ ಬಂದಿದ್ದರೆ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ನಿದ್ದೆಯನ್ನು ಪ್ರತ್ಯೇಕವಾಗಿ ಕೇಳದಿದ್ದರೆ ನೀವೇ ಹೇಳಿ. ನೋವಿನಿಂದ ನಿದ್ದೆ ಕೆಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕೆಟ್ಟ ನಿದ್ದೆ ಮರುದಿನದ ನೋವನ್ನು ಏರಿಸುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಕೆಲವರಿಗೆ ಇಲ್ಲಿಂದಲೇ ಚಿಕಿತ್ಸೆ ಶುರು ಮಾಡುವುದು ಲೇಸು.

ಮನೆಯವರ ವಿಷಯಕ್ಕೆ ಬಂದರೆ, ಎರಡು ತುದಿಗಳೂ ಕೆಲಸ ಕೆಡಿಸುತ್ತವೆ. ‘ಎಲ್ಲ ನಿನ್ನ ತಲೆಯಲ್ಲೇ’ ಎನ್ನುವವರ ಎದುರು ನೋವನ್ನು ಸಾಬೀತು ಮಾಡುವುದೇ ಒಂದು ಉದ್ಯೋಗವಾಗುತ್ತದೆ. ‘ಪಾಪ, ನೀನು ಏಳಬೇಡ, ನಾನೇ ತರ್ತೀನಿ’ ಎನ್ನುವವರ ಪ್ರೀತಿಯಲ್ಲಿ ಸೊಂಟ ಇನ್ನಷ್ಟು ಸೋಲುತ್ತದೆ. ಆದ್ದರಿಂದ ಮನೆಯವರೊಬ್ಬರನ್ನು ಜೊತೆಗೆ ಕರೆಯುವುದುಂಟು. ಆದರೆ ಸ್ವಲ್ಪ ಹೊತ್ತಾದರೂ ನಿಮ್ಮೊಬ್ಬರ ಜೊತೆಗೇ ಮಾತಾಡಬೇಕು. ಮನೆಯಲ್ಲಿ ಹಿಂಸೆ, ಕುಡಿತ, ದುಡ್ಡಿನ ತೊಂದರೆಯಂಥ ಪ್ರಶ್ನೆಗಳಿಗೆ ಪಕ್ಕದಲ್ಲಿ ಯಾರೋ ಕೂತಿದ್ದರೆ ಉತ್ತರ ಬರುವುದಿಲ್ಲ. ಆಫೀಸಿನ ಬಗ್ಗೆಯೂ ಕೇಳುತ್ತಾರೆ: ಕೆಲಸ ಇಷ್ಟವೇ, ಮೇಲಿನವರಿಗೆ ನೋವಿನ ವಿಷಯ ಗೊತ್ತೇ, ಆರು ತಿಂಗಳ ನಂತರವೂ ಇದೇ ಕೆಲಸದಲ್ಲಿರುತ್ತೀರಿ ಅನ್ನಿಸುತ್ತದೆಯೇ. ಕೊನೆಯದಕ್ಕೆ ‘ಇಲ್ಲ’ ಎನ್ನುವವರು ಕೆಲಸಕ್ಕೆ ಮರಳುವುದು ಕಷ್ಟ ಎಂದು ಮೊದಲೇ ತಿಳಿದರೆ, ಎದ್ದು ಓಡಾಡುವ ಬಿಡುವು, ವಾರಕ್ಕೆರಡು ದಿನ ಮನೆಯಿಂದ ಕೆಲಸ ಎಂಬಂಥ ಪತ್ರವನ್ನು ಡಾಕ್ಟರು ಬೇಗ ಬರೆದುಕೊಡಬಹುದು.

ಇಷ್ಟೆಲ್ಲಕ್ಕೆ ಒಂದರಿಂದ ಒಂದೂವರೆ ಗಂಟೆ ಬೇಕು. ಹತ್ತು ನಿಮಿಷದಲ್ಲಿ ಮುಗಿಸಿ ‘ಸ್ಟ್ರೆಸ್ ಕಡಿಮೆ ಮಾಡಿಕೊಳ್ಳಿ, ಯೋಗ ಮಾಡಿ’ ಎಂದರೆ ಮೌಲ್ಯಮಾಪನ ಆಗಿಲ್ಲ ಎಂದೇ ಅರ್ಥ. ಕೊನೆಯಲ್ಲಿ ನಿಮ್ಮ ಕೈಗೆ ಒಂದು ರೋಗದ ಹೆಸರು ಬರಬೇಕಿಲ್ಲ. ಏನು ಏನನ್ನು ಎಳೆಯುತ್ತಿದೆ ಎಂಬ ಚಿತ್ರ, ಯಾವುದರಿಂದ ಶುರು ಮಾಡೋಣ ಎಂಬ ಯೋಜನೆ ಬರಬೇಕು. ನೀವು ಬರೆದಷ್ಟರಿಂದ ಊಹಿಸಿದರೆ ಬಗ್ಗುವ ಭಯವೇ ನಿಮ್ಮಲ್ಲಿ ಮುಂದಿರುವಂತಿದೆ. ಹಾಗಿದ್ದರೆ ನಿಮಗೆ ಹೆದರಿಕೆಯಾಗುವ ಕೆಲಸಗಳನ್ನು ಸೊನ್ನೆಯಿಂದ ನೂರರ ಏಣಿಯಲ್ಲಿ ಜೋಡಿಸಿ, ಕೆಳಗಿನ ಮೆಟ್ಟಿಲಿನಿಂದ ಒಂದೊಂದನ್ನೇ ಮಾಡಿಸುತ್ತಾರೆ: ಪೆನ್ನು ಎತ್ತುವುದು 20, ರಂಗೋಲಿ 45, ನೀರಿನ ಕ್ಯಾನು 90 ಎಂಬಂತೆ. ಲಯದ ತೊಂದರೆ ಇದ್ದರೆ ಲೆಕ್ಕ ಬೇರೆ. ಕೂರಲು ಆಗುವ ಹೊತ್ತನ್ನು ಮೂರು ದಿನ ಅಳೆಯಿರಿ. 35, 20, 29 ನಿಮಿಷ ಬಂತು ಅನ್ನಿ. ಸರಾಸರಿ 28, ಅದರಲ್ಲಿ ಐದನೇ ಒಂದು ಭಾಗ ಕಳೆದರೆ 22. ನೋವು ಇದ್ದ ದಿನವೂ ಇಲ್ಲದ ದಿನವೂ 22 ನಿಮಿಷಕ್ಕೆ ಏಳುವುದು, ವಾರಕ್ಕೆ ಎರಡು ನಿಮಿಷದಂತೆ ಏರಿಸುವುದು. ಒಳ್ಳೆಯ ದಿನ ಮುಂದುವರಿಸಬೇಕೆಂಬ ಆಸೆಯನ್ನು ತಡೆಯುವುದೇ ಇದರಲ್ಲಿ ಕಷ್ಟದ ಭಾಗ.

ಇದು ಮಾತಿನ ಸಮಾಧಾನ ಮಾತ್ರವಲ್ಲ. ಆಸ್ಟ್ರೇಲಿಯಾದಲ್ಲಿ 492 ಜನರ ಮೇಲೆ ನಡೆದು 2023ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನಂಬಿಕೆ ಮತ್ತು ಚಲನೆ ಎರಡನ್ನೂ ಒಟ್ಟಿಗೆ ತಿದ್ದುವ ಏಳು ಸಿಟ್ಟಿಂಗ್‌ಗಳ ಕ್ರಮದಿಂದ ಸಿಕ್ಕ ಸುಧಾರಣೆ ಒಂದು ವರ್ಷವಾದ ಮೇಲೂ ಉಳಿದಿತ್ತು, ಅದನ್ನು ಮಾಡಿಸಿದವರು ತರಬೇತಾದ ಫಿಸಿಯೋಥೆರಪಿಸ್ಟರೇ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಮಾರ್ಗಸೂಚಿ ವ್ಯಾಯಾಮ, ತಿಳಿವಳಿಕೆ, ಮನೋಚಿಕಿತ್ಸೆಗಳನ್ನು ಸೂಚಿಸಿ, ಸೊಂಟದ ಬೆಲ್ಟು ಮತ್ತು ಎಳೆತದ ಚಿಕಿತ್ಸೆಯನ್ನು (ಟ್ರ್ಯಾಕ್ಷನ್) ವಾಡಿಕೆಯಾಗಿ ಬಳಸಬಾರದು ಎಂದಿದೆ. ನಿಮ್ಮ ಬೆಲ್ಟಿನ ಬಗ್ಗೆ ಡಾಕ್ಟರನ್ನು ಕೇಳಿ.

ಯಾರ ಬಳಿ ಹೋಗುವುದು? ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ. ದೀರ್ಘಕಾಲದ ನೋವಿನ ರೋಗಿಗಳನ್ನು ನೋಡುತ್ತಾರೆಯೇ, ನಿಮ್ಮ ಫಿಸಿಯೋಥೆರಪಿಸ್ಟ್ ಜೊತೆ ಮಾತಾಡುತ್ತಾರೆಯೇ ಎಂದೂ ಕೇಳಿ. ಒಬ್ಬರು ‘ಧೈರ್ಯವಾಗಿ ಬಗ್ಗಿ’ ಎಂದು, ಇನ್ನೊಬ್ಬರು ‘ಬಗ್ಗಲೇಬೇಡಿ’ ಎಂದರೆ ಎಷ್ಟು ಸಿಟ್ಟಿಂಗ್ ಆದರೂ ವ್ಯರ್ಥ. ಹೊಸೂರು ರಸ್ತೆಯ ನಿಮ್ಹಾನ್ಸ್ ಹೆಸರು ಕೇಳಿದೊಡನೆ ಮನೆಯಲ್ಲಿ ಗಾಬರಿಯಾಗುತ್ತಾರೆ, ಆದರೆ ನರರೋಗಕ್ಕೂ ಮನೋರೋಗಕ್ಕೂ ಇರುವ ಸಂಸ್ಥೆ ಅದು. ಅಲ್ಲಿಗೆ ಚೀಟಿ ಕೊಟ್ಟರೆ ನಿಮ್ಮ ತಲೆ ಕೆಟ್ಟಿದೆ ಎಂದು ಬರೆದುಕೊಟ್ಟಂತಲ್ಲ.

ಹಾಳೆಗಳನ್ನು ಮನೆಯಲ್ಲಿ ಒಬ್ಬರೇ ಕೂತು, ತೀರಾ ಕೆಟ್ಟ ದಿನವೂ ತೀರಾ ಒಳ್ಳೆಯ ದಿನವೂ ಅಲ್ಲದ ದಿನ ತುಂಬಿ. ಅರ್ಥವಾಗದ ವಾಕ್ಯಕ್ಕೆ ಅಂದಾಜಿನ ಅಂಕ ಹಾಕದೆ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ. ತುಂಬಿದ್ದನ್ನು ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಎಂಟು-ಹತ್ತು ವಾರದ ಮೇಲೆ ಅದೇ ಹಾಳೆಯನ್ನು ಮತ್ತೆ ತುಂಬಿಸಿದಾಗ ಪಕ್ಕದಲ್ಲಿಟ್ಟು ನೋಡಲು ಬೇಕಾಗುತ್ತದೆ.